ಗ್ರಾಹಕನಿಗೆ ‘ಬೇಡ’ ಎನ್ನುವ ಮಾತು



ಕೆಲಸದ ಜಾಗದಲ್ಲಿ ಗ್ರಾಹಕರೊಡನೆ ಮಾತನಾಡುವ ಬಗೆಯನ್ನು ಕಲಿಸುವವರು ಸಾಮಾನ್ಯವಾಗಿ ಉಚ್ಚಾರಣೆ, ವಿನಯ, ನಗುಮುಖಗಳಿಂದ ಆರಂಭಿಸುತ್ತಾರೆ. ಅವೂ ಬೇಕಾದವೇ. ಆದರೆ ಮಾತಿಗೆ ನಿಜವಾದ ಪರೀಕ್ಷೆ ಎದುರಾಗುವುದು ಗ್ರಾಹಕ ಕೇಳಬಯಸದ ಸಂಗತಿಯನ್ನು ಹೇಳಬೇಕಾದಾಗ. ನಮ್ಮಲ್ಲಿ ಹಲವರು ದುಡಿಯುತ್ತಿರುವ ಅಮೆರಿಕದ ಚರಿತ್ರೆಯಲ್ಲೇ ಇದಕ್ಕೊಂದು ಉದಾಹರಣೆಯಿದೆ.

1986ರ ಜನವರಿ 27ರ ರಾತ್ರಿ, ಚಾಲೆಂಜರ್ ಗಗನನೌಕೆಯ ಬೂಸ್ಟರ್ ರಾಕೆಟ್‌ಗಳನ್ನು ತಯಾರಿಸಿದ್ದ ಮಾರ್ಟನ್ ಥಿಯೊಕಾಲ್ ಕಂಪನಿಯ ಎಂಜಿನಿಯರುಗಳು ಯೂಟಾದಿಂದ ನಾಸಾ ಅಧಿಕಾರಿಗಳೊಡನೆ ದೂರವಾಣಿ ಸಭೆ ನಡೆಸಿದರು. ರಾಕೆಟ್‌ನ ಕೀಲುಗಳನ್ನು ಮುಚ್ಚುವ ರಬ್ಬರ್ ಉಂಗುರಗಳು ಚಳಿಯಲ್ಲಿ ಪೆಡಸಾಗುತ್ತವೆ. 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಉಡಾವಣೆ ಬೇಡ ಎಂಬುದು ಅವರ ಸಲಹೆ. ನಾಸಾ ಆ ಕಂಪನಿಯ ದೊಡ್ಡ ಗ್ರಾಹಕ. ಹಾಗಾದರೆ ಏಪ್ರಿಲ್‌ವರೆಗೆ ಕಾಯಬೇಕೇ ಎಂಬ ಅಸಮಾಧಾನದ ಪ್ರಶ್ನೆ ಅತ್ತಲಿಂದ ಬಂತು. ಕಂಪನಿಯವರು ಕರೆಯನ್ನು ಸ್ವಲ್ಪ ಹೊತ್ತು ತಡೆದು ತಮ್ಮೊಳಗೇ ಚರ್ಚಿಸಿದರು. ರೋಜರ್ ಬೋಜೋಲೆ ಮತ್ತು ಆರ್ನಿ ಥಾಂಪ್ಸನ್ ಪಟ್ಟುಬಿಡದೆ ವಾದಿಸಿದರು. ಆದರೆ ಹಿರಿಯ ಅಧಿಕಾರಿಯೊಬ್ಬರು ಎಂಜಿನಿಯರಿಂಗ್ ಮುಖ್ಯಸ್ಥರಿಗೆ, ಎಂಜಿನಿಯರನ ಟೋಪಿ ತೆಗೆದು ಆಡಳಿತಗಾರನ ಟೋಪಿ ಹಾಕಿಕೊಳ್ಳುವಂತೆ ಹೇಳಿದರು. ಸಲಹೆ ಬದಲಾಯಿತು. ಮರುದಿನ ಬೆಳಿಗ್ಗೆ, ಉಡಾವಣೆಯಾದ 73 ಸೆಕೆಂಡುಗಳಲ್ಲಿ ನೌಕೆ ಛಿದ್ರವಾಯಿತು; ಅದರಲ್ಲಿದ್ದ ಏಳು ಮಂದಿಯೂ ಸತ್ತರು. ಕಂಪನಿ ತನ್ನ ನಿಲುವನ್ನು ಬದಲಿಸಿದ್ದು ಪ್ರಮುಖ ಗ್ರಾಹಕನೊಬ್ಬನಿಗೆ ಹೊಂದಿಕೊಳ್ಳಲೆಂದೇ ಎಂಬುದು ರೋಜರ್ಸ್ ಆಯೋಗದ ತೀರ್ಮಾನ.

ಆ ರಾತ್ರಿಯ ಮಾತುಕತೆಯಿಂದ ನಾವು ಕಲಿಯಬಹುದಾದ ಸಂಗತಿಗಳಿವೆ. ಹಿಂದಿನ ಎಲ್ಲ ಹಾರಾಟಗಳ ಉಷ್ಣತೆಯನ್ನೂ ಉಂಗುರಗಳಿಗಾದ ಹಾನಿಯನ್ನೂ ಒಂದೇ ನಕ್ಷೆಯಲ್ಲಿ ಎದುರುಬದುರಾಗಿ ಇಟ್ಟಿರಲಿಲ್ಲ. ಸತ್ಯ ಕೈಯಲ್ಲಿದ್ದರೆ ಸಾಲದು, ಕೇಳುವವನ ಕಣ್ಣಿಗೆ ಕಾಣುವಂತೆ ಅದನ್ನು ಜೋಡಿಸಬೇಕು. ಇನ್ನೊಂದು, ರುಜುವಾತಿನ ಹೊರೆ ಸದ್ದಿಲ್ಲದೆ ಹೆಗಲು ಬದಲಿಸಿತ್ತು. ‘ಇದು ಸುರಕ್ಷಿತವೆಂದು ತೋರಿಸಿ’ ಎನ್ನಬೇಕಾದ ಗ್ರಾಹಕ ‘ಅಪಾಯವಿದೆಯೆಂದು ತೋರಿಸಿ’ ಎನ್ನುವಾಗ, ಪ್ರಶ್ನೆಯೇ ತಲೆಕೆಳಗಾಗಿದೆ ಎಂದು ಅಲ್ಲೇ ಹೇಳಬೇಕು, ಲಿಖಿತವಾಗಿಯೂ ದಾಖಲಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಾಣವನ್ನೇ ಪಣಕ್ಕಿಟ್ಟಿದ್ದ ಆ ಏಳು ಮಂದಿಯಲ್ಲಿ ಒಬ್ಬರೂ ಆ ಕರೆಯಲ್ಲಿರಲಿಲ್ಲ. ನಮ್ಮ ಕಚೇರಿಗಳು ದಿನವೂ ಜಪಿಸುವ ‘ಸ್ಟೇಕ್‌ಹೋಲ್ಡರ್’ ಎಂಬ ಪದ ಹಣ ಕೊಡುವವನಿಗೆ ಮಾತ್ರ ಸಲ್ಲಬೇಕೇ? ಪ್ರತಿ ಸಭೆಯಲ್ಲೂ ‘ಈ ನಿರ್ಧಾರದ ಪೆಟ್ಟು ತಿನ್ನುವವರು ಯಾರು, ಅವರ ಪರವಾಗಿ ಇಲ್ಲಿ ಮಾತನಾಡುವವರು ಯಾರು’ ಎಂದು ಕೇಳುವುದು ಪರಿಣಾಮಕಾರಿ ಸಂವಹನದ ಭಾಗವೇ.

ಇಷ್ಟು ತಿಳಿದೂ ಬಾಯಿ ಬಿಡಲಾಗದವರು ನಮ್ಮ ನಡುವೆ ಇದ್ದಾರೆ. ಎಚ್-1ಬಿ ವೀಸಾದಲ್ಲಿರುವವರು ಕೆಲಸ ಕಳೆದುಕೊಂಡರೆ ಅವರಿಗೆ ಸಿಗುವ ಕಾಲಾವಕಾಶ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಉದ್ಯೋಗದಾತ ಸಿಗದಿದ್ದರೆ, ವೀಸಾಕ್ಕೆ ಬೇರೆ ದಾರಿಯೂ ತೆರೆಯದಿದ್ದರೆ, ಗಂಟುಮೂಟೆ ಕಟ್ಟಬೇಕು. ಅವರ ಮೌನಕ್ಕೆ ‘ಆತ್ಮವಿಶ್ವಾಸದ ಕೊರತೆ’ ಎಂದು ಹೆಸರಿಟ್ಟು ತರಬೇತಿ ಶಿಬಿರಕ್ಕೆ ಕಳಿಸುವುದು ರೋಗವೊಂದಕ್ಕೆ ಮದ್ದೊಂದು ಕೊಟ್ಟಂತೆ.

ಧೈರ್ಯಕ್ಕೂ ಆಸರೆ ಬೇಕು. ಆ ರಾತ್ರಿ ಉಡಾವಣೆಯ ಒಪ್ಪಿಗೆಪತ್ರಕ್ಕೆ ಸಹಿ ಹಾಕಲು ಒಲ್ಲೆನೆಂದ ಅಲನ್ ಮೆಕ್‌ಡೊನಾಲ್ಡ್, ಮುಂದೆ ಆಯೋಗದೆದುರು ಸತ್ಯ ನುಡಿದಾಗ ಕಂಪನಿಯೊಳಗೆ ಮೂಲೆಗುಂಪಾದರು. ಅಮೆರಿಕದ ಸಂಸತ್ತಿನ ಸದಸ್ಯರು ಮಧ್ಯೆ ಬಂದ ಮೇಲಷ್ಟೇ ಅವರಿಗೆ ಸ್ಥಾನ ಮರಳಿತು. ಆ ಕೀಲುಗಳ ಮರುವಿನ್ಯಾಸದ ಹೊಣೆಯೂ ಅವರದಾಯಿತು.

ನಮ್ಮಲ್ಲಿ ಗ್ರೀನ್ ಕಾರ್ಡ್ ಪಡೆದವರಿದ್ದೇವೆ, ಪೌರತ್ವ ಪಡೆದವರಿದ್ದೇವೆ, ತಂಡಗಳನ್ನು ಮುನ್ನಡೆಸುವವರೂ ಇದ್ದೇವೆ. ಗ್ರಾಹಕನಿಗೆ ‘ಬೇಡ’ ಎನ್ನುವ ಮೊದಲ ಮಾತು ನಮ್ಮಿಂದ ಬರಲಿ. ವೀಸಾದ ಅಂಚಿನಲ್ಲಿ ನಿಂತಿರುವ ಕಿರಿಯ ಸಹೋದ್ಯೋಗಿ ಎಚ್ಚರಿಕೆಯ ಟಿಪ್ಪಣಿ ಬರೆದರೆ, ಅದರ ಕೆಳಗೆ ನಮ್ಮ ಹೆಸರೂ ಇರಲಿ.