‘ನಾವು’ ಎಂದರೆ ಯಾರು?

ಕನ್ನಡದಲ್ಲಿ ‘ಬಂದೆನು’ ಎಂದರೆ ಸಾಕು. ಬಂದವನು ನಾನೆಂಬುದನ್ನು ಕ್ರಿಯಾಪದದ ಪ್ರತ್ಯಯವೇ ತಿಳಿಸುತ್ತದೆ. ಆದರೆ ‘ಬೇಕು’, ‘ಕೂಡದು’ ಎಂಬ ರೂಪಗಳಿಗೆ ಇಂತಹ ಪ್ರತ್ಯಯವಿಲ್ಲ. ಅಲ್ಲಿ ಕರ್ತೃವಾರೆಂಬುದನ್ನು ಸರ್ವನಾಮವೇ ಹೇಳಬೇಕಾಗುತ್ತದೆ. ದೂರದರ್ಶನದ ಸಂವಾದಗಳಲ್ಲಿ ತೊಡಕು ಹುಟ್ಟುವುದು ಇಲ್ಲಿಯೇ.

1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ರಾಯಚೂರು ಜಿಲ್ಲೆಯ ಹಳ್ಳಿಗಳಿಗೆ ದೂರದರ್ಶನ ಬಂದಿತು. ಒಕ್ಕಲುತನದ ಮಾತುಗಳು ಅಂದೂ ಇದ್ದವು, ಇಂದೂ ಇವೆ. ಅಧಿಕಾರಿಯೊಬ್ಬರು ಸಂವಾದದಲ್ಲಿ, “ನಾವು ಕಾಲುವೆಯ ನೀರನ್ನು ಮಿತವಾಗಿ ಬಳಸಬೇಕು” ಎನ್ನುತ್ತಾರೆಂದು ಭಾವಿಸೋಣ. ಅರಕೇರಾದ ರೈತನು ಅದನ್ನು ಕೇಳುತ್ತಾನೆ. ಬಳಸಬೇಕಾದವನು ಅವನೊಬ್ಬನೇ; ಆದರೂ ಮಾತು ‘ನಾವು’. ಮರುಗಳಿಗೆಯಲ್ಲಿ, “ನಾವು ತೀರ್ಮಾನಿಸಿದ್ದೇವೆ” ಎಂದಾಗ ಆ ‘ನಾವು’ವಿನಲ್ಲಿ ರೈತನಿಲ್ಲ.

ನಮ್ಮ ನೆರೆಯ ತೆಲುಗಿನಲ್ಲಿ ಈ ಮರೆ ಸಾಧ್ಯವಿಲ್ಲ. ಕೇಳುವವರನ್ನು ಒಳಗೊಂಡರೆ ‘ಮನಮು’, ಹೊರಗಿಟ್ಟರೆ ‘ಮೇಮು’. ಎರಡೂ ನುಡಿಗಳನ್ನು ಬಲ್ಲ ರಾಯಚೂರು ಸೀಮೆಯ ಜನರಿಗೆ ಈ ಭೇದ ಹೊಸತಲ್ಲ. ಇಂದಿನ ಕನ್ನಡದಲ್ಲಿ ಎರಡಕ್ಕೂ ಇರುವುದು ಒಂದೇ ಪದ.

ಮಧ್ಯಮಪುರುಷದ ಮಾತೂ ವಿಚಾರಾರ್ಹವೇ. ಸಚಿವರಿಗೆ ‘ತಾವು’, ತಜ್ಞರಿಗೆ ‘ನೀವು’, ಹೊಲದಲ್ಲಿ ನಿಂತ ಕೂಲಿಯವನಿಗೆ ‘ನೀನು’ ಎನ್ನುವ ಸಂದರ್ಶಕನು ಪ್ರಶ್ನೆ ಕೇಳುವ ಮೊದಲೇ ಉತ್ತರಗಳಿಗೆ ಬೆಲೆ ಕಟ್ಟಿರುತ್ತಾನೆ. ಸಲುಗೆಯ ‘ನೀನು’ ಬೇರೆ. ಅದು ಎರಡೂ ಕಡೆಯಿಂದ ಬರುತ್ತದೆ.

ಇದು ಭಾಷೆಯ ದೋಷವಲ್ಲ, ಬಳಸುವವರ ಹೊಣೆ. ಸಂವಾದ ನಡೆಸುವವರು, “ನಾವು ಎಂದಿರಲ್ಲ, ಯಾರು?” ಎಂದು ಒಮ್ಮೆ ಕೇಳಿದರೆ, ನೋಡುತ್ತ ಕುಳಿತ ರೈತನಿಗೆ ತನ್ನ ಪಾಲಿನ ಕರ್ತವ್ಯವೂ ಹಕ್ಕೂ ಸ್ಪಷ್ಟವಾಗುತ್ತವೆ.