ತೀರ್ಪು ಕೊಡುವ ಸಾಕ್ಷಿಗಳು
(ಇಂದೂರದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿತ್ತು. ಆ ಮುಂಬಯಿಯ ನ್ಯಾಯಾಲಯದಲ್ಲಿ ಒಂಬತ್ತು ಮಂದಿ ನಾಗರಿಕರ ಜ್ಯೂರಿ ಆರೋಪಿಯ ಭವಿಷ್ಯ ನಿರ್ಧರಿಸುತ್ತಿತ್ತು. ಅವರು ತಮ್ಮ ತೀರ್ಮಾನಕ್ಕೆ ಕಾರಣ ಹೇಳಬೇಕಾಗಿರಲಿಲ್ಲ. 1959ರಲ್ಲಿ ನೌಕಾಪಡೆಯ ಅಧಿಕಾರಿ ಕೆ.ಎಂ. ನಾನಾವತಿ ತನ್ನ ಪತ್ನಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದಾಗ, ಕೊಲೆಯ ಕಾನೂನಿಗಿಂತ ಗಂಡನ ಮಾನ ದೊಡ್ಡದೆಂಬ ಭಾವನೆ ನಗರದಲ್ಲಿ ಹರಡಿತ್ತು. ಎಂಟು ಮಂದಿ ನಿರ್ದೋಷಿ ಎಂದರು, ಒಬ್ಬರು ಒಪ್ಪಲಿಲ್ಲ. ನ್ಯಾಯಾಧೀಶರು ಪ್ರಕರಣವನ್ನು ಹೈಕೋರ್ಟಿಗೆ ಒಪ್ಪಿಸಿದರು. ಅಲ್ಲಿ ವಿಧಿಸಲಾದ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1961ರಲ್ಲಿ ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಜ್ಯೂರಿಯನ್ನೇ ಕೈಬಿಟ್ಟಿತು.

ಕಾನೂನು ಅನ್ಯಾಯದ್ದಾದರೆ ಜ್ಯೂರಿ ಆರೋಪಿಯನ್ನು ಬಿಡುವುದು ತಪ್ಪೇ? ಅಮೆರಿಕದಲ್ಲಿ 1850ರ ಕಾನೂನು ಓಡಿಬಂದ ಗುಲಾಮರನ್ನು ಹಿಡಿದೊಪ್ಪಿಸಲು ಹೇಳಿತು. ಅವರನ್ನು ಪಾರುಮಾಡಿದವರನ್ನು ಶಿಕ್ಷಿಸಲು ಉತ್ತರದ ಕೆಲವು ಜ್ಯೂರಿಗಳು ಒಪ್ಪಲಿಲ್ಲ. ಇದನ್ನು ಮೆಚ್ಚದವರಾರು? ಆದರೆ ಅದೇ ದೇಶದ ಮಿಸಿಸಿಪ್ಪಿಯಲ್ಲಿ 1955ರಲ್ಲಿ ಹದಿನಾಲ್ಕರ ಕರಿಯ ಬಾಲಕ ಎಮ್ಮೆಟ್ ಟಿಲ್‌ನ ಕೊಲೆಗಾರರನ್ನು ಬಿಳಿಯರಷ್ಟೇ ಇದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಬಿಡುಗಡೆ ಮಾಡಿತು. ಮರುವರ್ಷ ಅವರೇ ಪತ್ರಿಕೆಯೊಂದರಲ್ಲಿ ಕೊಲೆಯನ್ನು ಒಪ್ಪಿಕೊಂಡರು.

ಇದೆಲ್ಲ ನಮಗೇಕೆ ಎನ್ನುತ್ತೀರಾ? ಜ್ಯೂರಿ ರದ್ದಾದರೂ ಅದರ ಕೆಲಸವನ್ನು ನಮ್ಮಲ್ಲಿ ಸಾಕ್ಷಿಗಳು ಮಾಡುತ್ತಿದ್ದಾರೆ. ವರದಕ್ಷಿಣೆಯನ್ನು 1961ರಲ್ಲೇ ಕಾನೂನು ನಿಷೇಧಿಸಿದೆ. ಮಹರ್ ಕೊಡಬೇಕಾದವನು ವರ. ನಮ್ಮಲ್ಲಿ ಅವನೇ ಕೈಚಾಚುತ್ತಾನೆ. ಪೀಡನೆ ತಾಳಲಾರದೆ ಹೆಣ್ಣು ದೂರು ಕೊಟ್ಟರೆ, ‘ಎಲ್ಲರೂ ತೆಗೆದುಕೊಳ್ಳುವುದೇ ಅಲ್ಲವೇ, ಇದಕ್ಕೂ ಜೈಲೇ?’ ಎಂದು ಊರು ಮೊದಲೇ ತೀರ್ಮಾನಿಸಿರುತ್ತದೆ. ವಿಚಾರಣೆಯ ದಿನ ಕಣ್ಣಾರೆ ಕಂಡ ನೆರೆಯವನೂ ‘ನನಗೆ ಗೊತ್ತಿಲ್ಲ’ ಎನ್ನುತ್ತಾನೆ. ಸ್ವಂತ ತಂದೆತಾಯಿಗೆ ವಿರುದ್ಧವಾದರೂ ಸತ್ಯಸಾಕ್ಷ್ಯ ನುಡಿಯಬೇಕೆಂಬ ಅನ್ನಿಸಾ ಅಧ್ಯಾಯದ ಆದೇಶ ಆಗ ಯಾರಿಗೂ ನೆನಪಾಗುವುದಿಲ್ಲ!

ಒಪ್ಪಲಾಗದ ಕಾನೂನುಗಳು ಇವೆ, ನಿಜ. ತ್ರಿವಳಿ ತಲಾಖನ್ನು ಜೈಲುಶಿಕ್ಷೆಯ ಅಪರಾಧವಾಗಿಸಿದ 2019ರ ಕಾಯಿದೆಯನ್ನು ನಮ್ಮವರು ಬಹಿರಂಗವಾಗಿ ವಿರೋಧಿಸಿದರು, ನ್ಯಾಯಾಲಯದಲ್ಲೂ ಪ್ರಶ್ನಿಸಿದರು. ನಮ್ಮದೇ ಜಿಲ್ಲೆಯ ಅಂಕೋಲದಲ್ಲಿ 1930ರಲ್ಲಿ ಉಪ್ಪಿನ ಕಾನೂನನ್ನು ಮುರಿದದ್ದೂ ಹಗಲಿನಲ್ಲಿ, ಜನರೆದುರು. ಕಟಕಟೆಯಲ್ಲಿ ಸುಳ್ಳಾಡುವವನು ಯಾವ ಕಾನೂನನ್ನು ವಿರೋಧಿಸಿದಂತಾಯಿತು?

ಜಮಾಅತಿನ ಹಿರಿಯರಲ್ಲಿ ನನ್ನದೊಂದು ವಿನಂತಿ. ನಿಕಾಹ್ ಪುಸ್ತಕದಲ್ಲಿ ಮಹರ್ ಮೊತ್ತದ ಪಕ್ಕದಲ್ಲಿ, ಹೆಣ್ಣಿನ ಮನೆಯಿಂದ ಪಡೆದ ಹಣ, ಬಂಗಾರ, ವಾಹನವನ್ನೂ ಬರೆಯಿರಿ. ಇಬ್ಬರು ಸಾಕ್ಷಿಗಳ ಸಹಿ ಇರಲಿ. ನಾಳೆ ನ್ಯಾಯಾಲಯ ಕೇಳಿದರೆ, ಆರೋಪಿ ಯಾರ ಮಗನೇ ಆಗಿರಲಿ, ಆ ಪುಸ್ತಕವನ್ನು ಮುಂದಿಡಿರಿ.