ಕೆರೆಯ ಏರಿಯ ಜೀರ್ಣೋದ್ಧಾರವನ್ನು ನಿಂತು ನೋಡುವ ಕಾಯಕ



ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದ ಸಂಗತಿಯು ಮಠದ ಮಕ್ಕಳಿಗೂ ತಿಳಿದದ್ದೇ ಆಗಿದೆ. ಅಲ್ಲಮಪ್ರಭುಗಳು ಅಲ್ಲಿಗೆ ಬಂದಾಗ ಕೆರೆಯ ಕೆಲಸವು ನಡೆಯುತ್ತಿತ್ತೆಂದು ಶೂನ್ಯಸಂಪಾದನೆಯು ಹೇಳುತ್ತದೆ. ಆ ಪ್ರಸಂಗದ ತತ್ತ್ವವಿಚಾರವು ಅನೇಕ ಸಭೆಗಳಲ್ಲಿ ವಿಸ್ತಾರವಾಗಿ ನಡೆದಿರುವುದು. ಇಂದಿನ ವಿಷಯವಾದರೋ ಅದಕ್ಕಿಂತ ಚಿಕ್ಕದು, ಮಣ್ಣಿಗೆ ಹತ್ತಿರವಾದದ್ದು. ಊರ ಸಣ್ಣ ಕೆರೆಯ ಏರಿಯು ದುರಸ್ತಿಯಾಗುವಾಗ ಊರವರು ಅಲ್ಲಿ ನಿಂತು ನೋಡಬೇಕಾದದ್ದು ಏನು ಎಂಬುದೇ ಆ ವಿಷಯವು.

ಗುಡಿಯ ಕೆಲಸಕ್ಕೂ ಏರಿಯ ಕೆಲಸಕ್ಕೂ ಒಂದು ಭೇದವುಂಟು. ಗುಡಿಯಲ್ಲಿ ಕಲ್ಲು ಓರೆಯಾದರೆ ನೂರು ವರ್ಷದ ಮೇಲೂ ಅದು ಕಣ್ಣಿಗೆ ಕಾಣುವುದು. ಏರಿಯಲ್ಲಿ ಮುಖ್ಯವಾದದ್ದೆಲ್ಲವೂ ಅದೇ ದಿವಸ ಸಾಯಂಕಾಲದೊಳಗೆ ಮಣ್ಣಿನಡಿಯಲ್ಲಿ ಅಡಗಿಹೋಗುವುದು. ಆ ಹೊತ್ತಿನಲ್ಲಿ ನೋಡದವನಿಗೆ ಅದನ್ನು ಮುಂದೆ ತೋರಿಸತಕ್ಕದ್ದು ಮಳೆಗಾಲದ ನೀರೊಂದೇ.

ಮೊದಲನೆಯದು ಬೇರು. ಏರಿಯ ಮೇಲಿನ ಮರವನ್ನು ಕಡಿದು ಬುಡವನ್ನು ಒಳಗೆ ಬಿಟ್ಟರೆ, ಬೇರು ಕೊಳೆತು ನೀರಿಗೆ ಕೊಳವೆಯಾಗುತ್ತದೆ. ಹುತ್ತಗಳನ್ನೂ ಇಲಿಯ ಬಿಲಗಳನ್ನೂ ಅಗೆದು ತುಂಬದಿದ್ದರೆ ಅದೇ ಗತಿಯು. ಎರಡನೆಯದು ಹಳೆಯ ಮಣ್ಣಿಗೂ ಹೊಸ ಮಣ್ಣಿಗೂ ಆಗಬೇಕಾದ ಬೆಸುಗೆ. ಹಳೆಯ ಇಳಿಜಾರಿನ ಮೇಲೆ ಹೊಸ ಮಣ್ಣನ್ನು ಸುಮ್ಮನೆ ಸುರಿದರೆ ಏರಿಯು ದಪ್ಪವಾದಂತೆ ತೋರುವುದೇ ಹೊರತು ಎರಡೂ ಒಂದಾಗವು. ಮಳೆ ಬಿದ್ದಾಗ ಹೊಸದು ಜಾರಿ ಬೀಳುವುದು. ಆದಕಾರಣ ಹಳೆಯ ಮೈಯಲ್ಲಿ ಮೆಟ್ಟಿಲುಗಳನ್ನು ಕಡಿದು, ನೀರು ಚಿಮುಕಿಸಿ, ಗೇಣಿಗೆ ಮೀರದ ಪದರಗಳಾಗಿ ಮಣ್ಣನ್ನು ಹರಡಿ, ಪ್ರತಿಯೊಂದನ್ನೂ ಗಟ್ಟಿಯಾಗಿ ದಮ್ಮಸ್ಸು ಮಾಡತಕ್ಕದ್ದು. ಮಣ್ಣಿನ ಹದವನ್ನು ಪರೀಕ್ಷಿಸಲು ಯಂತ್ರವೇ ಬೇಕೆಂದಿಲ್ಲ. ಹಿಡಿಯಲ್ಲಿ ಅದುಮಿದರೆ ಉಂಡೆಯಾಗಬೇಕು, ಅಂಗೈಗೆ ಕೆಸರು ಹತ್ತಬಾರದು. ಬೇಸಾಯಗಾರನಿಗೆ ಇದನ್ನು ಕಲಿಸುವ ಅಗತ್ಯವಿಲ್ಲ. ಅವನು ಅಲ್ಲಿಗೆ ಬಂದು ನಿಂತರೆ ಸಾಕು.

ಕೆರೆಯಂಗಳದ ಹೂಳು ಕೈಗೆ ಹತ್ತಿರವಿರುವುದರಿಂದ ಅದನ್ನೇ ಏರಿಗೆ ಹಾಕಿಬಿಡುವ ಚಪಲವು ಗುತ್ತಿಗೆದಾರನಿಗೆ ಸಹಜವೇ. ಹೂಳು ಹೊಲಕ್ಕೆ ಸಾರವು. ಏರಿಯಲ್ಲಿ ಅದು ಒಣಗಿದಾಗ ಕುಗ್ಗಿ ಬಿರುಕು ಬಿಡುವುದು. ತೂಬಿನ ಸುತ್ತಲಿನ ಜೇಡಿಯನ್ನು ತುಂಬುವ ದಿವಸವಂತೂ ಊರಿನ ಹಿರಿಯರೊಬ್ಬರು ಅಲ್ಲಿಂದ ಕದಲಬಾರದು. ಕಲ್ಲಿಗೂ ಮಣ್ಣಿಗೂ ನಡುವೆ ಬೆರಳಷ್ಟು ಸಂದಿಯುಳಿದರೂ ನೀರು ಅದನ್ನು ಹುಡುಕಿಕೊಳ್ಳುವುದು.

ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯ 1369ರ ಶಾಸನವು, ಕೆರೆಯ ಗುಣಗಳೊಡನೆ ದೋಷಗಳನ್ನೂ ಎಣಿಸಿದೆ. ಏರಿಯಿಂದ ನೀರು ಒಸರುವುದು ಆ ದೋಷಗಳಲ್ಲೊಂದು. ಅಲ್ಲಿ 1000 ಆಳುಗಳೂ 100 ಬಂಡಿಗಳೂ 2 ವರ್ಷ ದುಡಿದವೆಂದು ಅದೇ ಶಾಸನವು ತಿಳಿಸುತ್ತದೆ. ಕನ್ನಡ ಶಾಸನಗಳಲ್ಲಿ ಕೆರೆಯನ್ನು ಕಟ್ಟಿ ಕಾಯ್ದುಕೊಳ್ಳುವವರಿಗೆ ಬಿಟ್ಟ ಭೂಮಿಗೆ ಕಟ್ಟುಗೊಡಗೆಯೆಂಬ ಹೆಸರಿದೆ. ಕಾಯುವವನ ಹೊಟ್ಟೆಗೆ ದಾರಿ ಮಾಡದೆ ಕಾಯುವಿಕೆಯು ನಿಲ್ಲದೆಂಬುದನ್ನು ಹಿಂದಿನವರು ಬಲ್ಲವರಾಗಿದ್ದರು. ಕರ್ನಾಟಕದಲ್ಲಿ 2002ರಲ್ಲಿ ಮಂಜೂರಾದ ಸಮುದಾಯಾಧಾರಿತ ಕೆರೆ ನಿರ್ವಹಣೆಯ ಯೋಜನೆಯು ಬಳಕೆದಾರರ ಸಂಘಗಳನ್ನು ಏರ್ಪಡಿಸಿ ಈ ಹೊಣೆಯನ್ನು ಮತ್ತೆ ಊರಿಗೆ ಒಪ್ಪಿಸಲು ಯತ್ನಿಸಿತು. ಸಂಘದ ದಫ್ತರದಲ್ಲಿ ರುಜು ಹಾಕಿದವರೆಲ್ಲರೂ ಏರಿಯ ಮೇಲೆ ಕಾಣುವುದುಂಟೇ ಎಂಬುದು ಬೇರೆ ಮಾತು!

ಇನ್ನು ಕೋಡಿ. ಇಲ್ಲಿ ತಪ್ಪು ಗುತ್ತಿಗೆದಾರನದಲ್ಲ, ನಮ್ಮವರದೇ. ಒಂದು ಮೊಳ ನೀರು ಹೆಚ್ಚು ನಿಲ್ಲಲೆಂದು ರಾತ್ರಿಯಲ್ಲಿ ಕೋಡಿಗೆ ಕಲ್ಲು ಜೋಡಿಸುವವರು ಹಲವು ಊರುಗಳಲ್ಲಿದ್ದಾರೆ. ಮಣ್ಣಿನ ಏರಿಯು ಎದೆಗೆ ಒರಗಿದ ನೀರನ್ನು ತಡೆಯಬಲ್ಲದು. ತಲೆಯ ಮೇಲೆ ಹರಿಯುವ ನೀರನ್ನು ತಾಳಲಾರದು. ಇಂಥಾ ಏರಿಗಳು ಒಡೆಯುವುದಕ್ಕೆ ದೊಡ್ಡ ಕಾರಣವೇ ಇದು. ಕೆಳಗಿನ ಗದ್ದೆಯವನೂ ಹಿನ್ನೀರಿನ ಹೊಲದವನೂ ಒಟ್ಟಿಗೆ ನಿಂತು ಕೋಡಿಯ ಮಟ್ಟವನ್ನು ಕಲ್ಲಿನಲ್ಲಿ ಗುರುತು ಮಾಡಿಸತಕ್ಕದ್ದು.

ಕೆಲಸ ಮುಗಿದು ಪೂಜೆಯಾದ ಮೇಲೂ ನೋಡುವುದು ಮುಗಿಯದು. ಮೊದಲ ಸಲ ಕೆರೆ ತುಂಬಿದಾಗ ಜನರೆಲ್ಲರೂ ನೀರಿನ ಕಡೆಗೆ ಮುಖ ಮಾಡಿ ಬಾಗಿನ ಬಿಡುವರು. ಇಬ್ಬರಾದರೂ ಏರಿಯ ಹಿಂದಕ್ಕೆ ಇಳಿದು ಬುಡದ ಉದ್ದಕ್ಕೂ ನಡೆಯಬೇಕು. ಒಸರುವ ನೀರು ತಿಳಿಯಾಗಿದ್ದರೆ ದಿನವೂ ನೋಡುತ್ತಿರಬಹುದು. ಕದಡಿದ್ದರೆ ಒಳಗಿನ ಮಣ್ಣು ಹೊರಡುತ್ತಿದೆಯೆಂದು ಅರ್ಥವು. ಆಗ ಅದರ ಬಾಯಿಗೆ ಜೇಡಿಯನ್ನು ಮೆತ್ತದೆ, ಮರಳನ್ನೂ ಅದರ ಮೇಲೆ ಜಲ್ಲಿಯನ್ನೂ ಹಾಕಿ, ನೀರು ಹೊರಟು ಮಣ್ಣು ಉಳಿಯುವಂತೆ ಮಾಡಿ, ತೂಬನ್ನೆತ್ತಿ ಕೆರೆಯ ನೀರನ್ನು ಇಳಿಸಿ, ಇಲಾಖೆಯವರಿಗೆ ಆ ಗಳಿಗೆಯಲ್ಲಿಯೇ ಹೇಳಿಕಳುಹಿಸತಕ್ಕದ್ದು.